ಚರಗಕ್ಕ ಸ್ವಾಮಿಗೋಳು ಯಾಕ?

ಹೋದ ಎಳ್ಳಮಾಸಿಗೆ ನಮ್ಮ ದೊಡ್ಡವ್ವ ಎಲ್ಲರೊಳಗ ನಿಂತು ಚರಗ ಚೆಲ್ಲಲಿಲ್ಲ. 78 ವರ್ಷದ ಹೆಣ್ಣುಮಗಳು. ಬಾಣಂತನದ ವರ್ಷಗಳನ್ನು ಬಿಟ್ಟರೆ ಆಕೆ ಇದನ್ನು ತಪ್ಪಿಸಿದ್ದು ನನಗಂತೂ ನೆನಪಿಲ್ಲ. ಅದರ ಬಗ್ಗೆ ಬರೀಬೇಕು ಅಂತ ಕೂತರೆ ಮನಸ್ಸು ಎಲ್ಲಿಗೋ ಹೋಗಿ ಹಳೆಯ ಇಸ್ರೇಲಿನ ಒಂದು ಬುಟ್ಟಿಯ ಮುಂದೆ ನಿಂತಿತು. ಆ ಬುಟ್ಟಿಯ ವಿಷಯ ಆಮೇಲೆ ಹೇಳ್ತೀನಿ. ಮೊದಲು ಹೊಲ.

ನಮ್ಮ ಹೊಲ ಸವದತ್ತಿ ತಾಲೂಕಿನಾಗ, ರಾಮದುರ್ಗದ ಮಗ್ಗಲಿಗೆ. ಕರಿ ಎರಿ. ಎಳ್ಳಮಾಸಿ ಹೊತ್ತಿಗೆ ಹಿಂಗಾರಿ ಬಿಳಿಜೋಳ ಆಳೆತ್ತರ ಬೆಳೆದು ತೆನಿ ಹೊರಗ ಹಾಕ್ತಿರತದ. ಭೂಮ್ತಾಯಿ ಬಸಿರಿ ಅದಾಳ, ಆಕಿಗೆ ಬಯಕಿ ಊಟಾ ಉಣಿಸಬೇಕು ಅನ್ನೋದು ಈ ಹಬ್ಬದ ಮೂಲ. ಕಿತ್ತೂರಿನ ಪಡುವಲಕ್ಕೆ ಮುಂಗಾರಿ ಬೆಳೆಯೇ ಮುಖ್ಯ, ಅಲ್ಲಿಯವರಿಗೆ ಇದೇ ಊಟ ಸೀಗಿ ಹುಣ್ಣಿಮಿಗೆ ಬರತದ. ನಾನೀಗ ಸಂಸಾರ ಹೂಡಿಕೊಂಡು ಕೂತಿರುವ ಬೈಲಹೊಂಗಲ ನಡುವಿನ ನೆಲ, ಇಲ್ಲಿಯವರು ಎರಡನ್ನೂ ಬಿಡೂದಿಲ್ಲ. ಸಜ್ಜಿ ರೊಟ್ಟಿ, ಜೋಳದ ಕಡಬು, ಎಣ್ಣಿಗಾಯಿ ಬದ್ನಿಕಾಯಿ, ಪುಂಡಿಪಲ್ಲೆ, ಅಗಸಿ ಹಿಂಡಿ, ಎಳ್ಳ ಹೋಳಿಗಿ, ಶೇಂಗಾ ಹೋಳಿಗಿ. ಹಿಂದಿನ ದಿನ ರಾತ್ರಿ ಎರಡು ಗಂಟೆಯವರೆಗೆ ಒಲಿ ಆರೂದಿಲ್ಲ. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಕುಂಕುಮ ಏರಿಸಿ, ಆಮೇಲೆ ತಂದದ್ದೆಲ್ಲದರಲ್ಲೂ ಒಂದೊಂದು ತುತ್ತು ಕಲಸಿ ಹೊಲದ ತುಂಬ ಚೆಲ್ಲುತ್ತಾ ಹೋಗೋದು. ಮುಂದಿನವರು ಚೆಲ್ಲಿ ಕೂಗ್ತಾರ, ಹಿಂದಿನವರು ನೀರು ಚಿಮುಕಿಸಿ ಓಗೊಡ್ತಾರ. ಆ ಕೂಗಿನ ಮಾತು ಊರಿಗೊಂದು ಥರಾ. ಅರ್ಥ ಕೇಳಿದರೆ ನಗ್ತಾರ. ದೊಡ್ಡಪ್ಪ ಹೋದ ಮೇಲೆ ನಮ್ಮ ಹೊಲದಲ್ಲಿ ಮುಂದೆ ನಡೆಯುವವಳು ದೊಡ್ಡವ್ವನೇ.

ಆಕೆಯ ಮಗ, ನನಗೆ ಅಣ್ಣ, ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಊರ ಮೇಲೆ ಅಕ್ಕರೆ ಇದೆ, ಮಕ್ಕಳಿಗೆ ಸಂಸ್ಕೃತಿ ತೋರಿಸಬೇಕು ಅನ್ನುವ ಹಟವೂ ಇದೆ. "ಈ ಸಲಾ ಶಾಸ್ತ್ರಪ್ರಕಾರ ಮಾಡೂಣು" ಅಂತ ಪ್ಯಾಟಿಯಿಂದ ಒಬ್ಬ ಸ್ವಾಮಿಗಳನ್ನು ಕರೆಸಿದ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಮಠದ ಪಾಠಶಾಲೆಯಲ್ಲಿ ಕಲಿತವರು, ಸ್ವರ ಚಲೋ, ನಡತೆಯೂ ಚಲೋ. ಬನ್ನಿ ಗಿಡದ ಕೆಳಗೆ ಕಲಶ ಇಟ್ಟರು, ಹೋಮಕುಂಡ ಕೂಡಿಸಿದರು. ಸಂಕಲ್ಪಕ್ಕೆ ದೊಡ್ಡವ್ವನನ್ನೇ ಮುಂದೆ ಕರೆದರು.

"ಅಮ್ಮಾರ, ಗೋತ್ರ ಹೇಳ್ರಿ."

"ನಂದೇನೋ ಹುಡುಕಿ ಹೇಳ್ತಾರ ಯಪ್ಪಾ. ಈ ಎರಿ ಹೊಲದ್ದು ಏನ್ ಗೋತ್ರ ಅಂತ ಹೇಳ್ಲಿ?"

ಎಲ್ಲರೂ ನಕ್ಕರು. ಸ್ವಾಮಿಗಳೂ ನಕ್ಕರು. ದೊಡ್ಡವ್ವ ನಗಲಿಲ್ಲ. ಮಂತ್ರ ಮುಗಿಯಲಿಕ್ಕೆ ಮುಕ್ಕಾಲು ತಾಸು. "ನಾ ಹೇಳಿಕೊಟ್ಟಂಗ ಹೇಳ್ರಿ" ಅಂದಾಗ ಆಕೆ ಎರಡು ಶಬ್ದ ತೊದಲಿ ಸುಮ್ಮನಾದಳು. ಮುಂದೆ ಚರಗ ಚೆಲ್ಲುವ ಹೊತ್ತಿಗೆ ಬುಟ್ಟಿಯನ್ನು ಅಣ್ಣನ ಕೈಗೆ ಕೊಟ್ಟಳು. "ನೀ ಚೆಲ್ಲೋ. ನನಗ ಬರೂದಿಲ್ಲ."

ಬರೂದಿಲ್ಲವಂತೆ! ಅರವತ್ತು ವರ್ಷ ಚೆಲ್ಲಿದ ಕೈ ಅದು.

ಇನ್ನು ಇಸ್ರೇಲಿನ ಬುಟ್ಟಿ. ಧಾರವಾಡದಲ್ಲಿ ಎಂ.ಎ. ಓದುವಾಗ ಹಳೆಯ ಪುಸ್ತಕದ ರಾಶಿಯಿಂದ ಕನ್ನಡ ಸತ್ಯವೇದವೊಂದನ್ನು ಕೊಂಡಿದ್ದೆ. ಭಾಷೆಯ ಆಸೆಗೆ ಕೊಂಡದ್ದು. ಅದರೊಳಗೆ ನನ್ನನ್ನು ಹಿಡಿದು ಕೂರಿಸಿದ್ದು ಧರ್ಮೋಪದೇಶಕಾಂಡದ 26ನೇ ಅಧ್ಯಾಯ. ಒಕ್ಕಲಿಗ ತನ್ನ ಹೊಲದ ಮೊದಲ ಫಲವನ್ನು ಬುಟ್ಟಿಯಲ್ಲಿಟ್ಟುಕೊಂಡು ದೇವಸ್ಥಾನಕ್ಕೆ ಹೋಗಬೇಕು. ಅಲ್ಲಿ ಯಾಜಕ ಇರ್ತಾನೆ. ಬುಟ್ಟಿ ತಗೊಂಡು ವೇದಿಯ ಮುಂದೆ ಇಡ್ತಾನೆ. ಅಷ್ಟೇ ಅವನ ಕೆಲಸ. ಆ ಇಡೀ ಅಧ್ಯಾಯದಲ್ಲಿ ಅವನ ಬಾಯಿಗೆ ಒಂದು ಮಾತೂ ಕೊಟ್ಟಿಲ್ಲ. ಮಾತಾಡುವವನು ಒಕ್ಕಲಿಗ. ನಮ್ಮ ಹಿರಿಯ ಊರೂರು ಅಲೆಯುವ ಅರಾಮ್ಯನಾಗಿದ್ದ, ಐಗುಪ್ತಕ್ಕೆ ಹೋಗಿ ಜೀತಕ್ಕೆ ಬಿದ್ದೆವು, ಅಲ್ಲಿಂದ ದೇವರು ಬಿಡಿಸಿ ತಂದ, ಅವನು ಕೊಟ್ಟ ನೆಲದಲ್ಲಿ ಬೆಳೆದದ್ದು ಇದು, ಇಕಾ ತಂದೀನಿ — ಅನ್ನುವ ಅರ್ಥದ ಮಾತು. ತನ್ನ ಮನೆತನದ ಕಥೆಯನ್ನೇ ಮಂತ್ರದ ಜಾಗದಲ್ಲಿ ಹೇಳ್ತಾನೆ. ನಂತರ ಹಬ್ಬದೂಟ, ಹೊಲವಿಲ್ಲದ ಲೇವಿಯನನ್ನೂ ಪರದೇಶಿಯನ್ನೂ ಕೂಡಿಸಿಕೊಂಡು ಉಣ್ಣಬೇಕು.

ಇದೇ ಅಧ್ಯಾಯದಲ್ಲಿ ಒಂದು ತೊಡಕಿದೆ. ನಾಲ್ಕನೆಯ ವಚನದಲ್ಲಿ ಬುಟ್ಟಿಯನ್ನು ವೇದಿಯ ಮುಂದೆ ಇಡುವವನು ಯಾಜಕ. ಹತ್ತನೆಯ ವಚನಕ್ಕೆ ಬಂದರೆ ಒಕ್ಕಲಿಗನೇ ಇಡಬೇಕು ಅಂತ ಇದೆ. ಹಂಗಾದ್ರ ಇಟ್ಟವರು ಯಾರು? ಎರಡು ಕಾಲದ ಎರಡು ಪಾಠ ಸೇರಿವೆ ಅಂತ ಪಂಡಿತರು ಹೇಳಬಹುದು. ನನಗೆ ಅಲ್ಲಿ ಜಗಳದ ಗುರುತು ಕಾಣ್ತದ. ಈ ಬುಟ್ಟಿ ಯಾರ ಕೈಯಿಂದ ದೇವರಿಗೆ ಮುಟ್ಟಬೇಕು ಅನ್ನೋದರ ಮೇಲೆ ಯಾವಾಗಲೋ ಎಳೆದಾಟ ನಡೆದಿರಬೇಕು.

ಯೆಹೂದಿ ಗುರುಗಳು ಈ ಎಳೆದಾಟಕ್ಕೆ ಕೊಟ್ಟ ಪರಿಹಾರ ಮಿಷ್ನಾದಲ್ಲಿದೆ. ಯೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ರೋಮನ್ನರ ಕೈಯಲ್ಲಿ ಹಾಳಾಯಿತು. ಮಿಷ್ನಾ ಸಂಕಲನವಾದದ್ದು 200ರ ಸುಮಾರಿಗೆ. ಅಂದರೆ ಇಲ್ಲದ ಗುಡಿಯ ಹಬ್ಬವನ್ನು ನೆನಪಿನಿಂದ ಬರೆದದ್ದು. ಆದರೂ ಎಂಥಾ ವಿವರ! ಮುಂದೆ ಎತ್ತು, ಅದರ ಕೊಂಬಿಗೆ ಬಂಗಾರದ ಕವಚ, ದಾರಿಯುದ್ದಕ್ಕೂ ಕೊಳಲು. ಗುಡಿಯ ಗುಡ್ಡಕ್ಕೆ ಬಂದ ಮೇಲೆ ಅರಸ ಅಗ್ರಿಪ್ಪನೇ ಆದರೂ ಬುಟ್ಟಿಯನ್ನು ತನ್ನ ಹೆಗಲ ಮೇಲೆಯೇ ಹೊರಬೇಕು. ಕಡೆಗೆ ಒಕ್ಕಲಿಗ ಬುಟ್ಟಿಯ ಅಂಚನ್ನು ಹಿಡಿದಿರ್ತಾನೆ, ಯಾಜಕ ಬುಡಕ್ಕೆ ಕೈ ಕೊಡ್ತಾನೆ, ಇಬ್ಬರೂ ಕೂಡಿ ನಿವಾಳಿಸ್ತಾರೆ. ನಮ್ಮಲ್ಲಿ ತಲಿ ಮ್ಯಾಲಿನ ಬುಟ್ಟಿ ಇಳಿಸಬೇಕಾದರೆ "ಸ್ವಲ್ಪ ಕೈ ಹಚ್ರಿ" ಅಂತೀವಲ್ಲ, ಹಂಗ. ಯಾಜಕನ ಪಾತ್ರಕ್ಕೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಸಿಕ್ಕಿಲ್ಲ.

ಅದೇ ಪುಟಗಳಲ್ಲಿ ಇನ್ನೊಂದು ಮಾತು. ಮೊದಮೊದಲು ಓದಲಿಕ್ಕೆ ಬರುವವರು ತಾವೇ ಹೇಳುತ್ತಿದ್ದರು, ಬಾರದವರಿಗೆ ಹೇಳಿಕೊಡುತ್ತಿದ್ದರು. ಬಾರದವರು ನಾಚಿಕೊಂಡು ಬುಟ್ಟಿ ತರುವುದನ್ನೇ ಬಿಟ್ಟರು. ಆಗ ಗುರುಗಳು ನಿಯಮ ಬದಲಿಸಿದರು: ಬರುವವರಿಗೂ ಬಾರದವರಿಗೂ ಎಲ್ಲರಿಗೂ ಹೇಳಿಕೊಡಬೇಕು, ಯಾರಿಗೆ ಬರೂದಿಲ್ಲ ಅನ್ನೋದು ಯಾರಿಗೂ ತಿಳಿಯಬಾರದು. ದೊಡ್ಡವ್ವ ಬುಟ್ಟಿಯನ್ನು ಅಣ್ಣನ ಕೈಗಿತ್ತ ಕ್ಷಣಕ್ಕೆ ನನಗೆ ಹೊಳೆದದ್ದು ಈ ಸಾಲುಗಳೇ. ಸಾವಿರದ ಎಂಟುನೂರು ವರ್ಷದ ಹಿಂದೆಯೇ ಆ ನಾಚಿಕೆಯನ್ನು ಯಾರೋ ಕಂಡಿದ್ದರು. ಒಂದು ವ್ಯತ್ಯಾಸವಿದೆ, ಅದೇ ನನ್ನ ತಕರಾರು. ಅಲ್ಲಿ ಮಾತು ಮೊದಲೇ ಗೊತ್ತುಮಾಡಿದ್ದು, ಗ್ರಂಥದ್ದು; ಬಾರದಿದ್ದರೆ ಹೇಳಿಕೊಡುವುದು ದಯೆ. ದೊಡ್ಡವ್ವನಿಗೆ ತನ್ನ ಮಾತು ಬರ್ತಿತ್ತು. ಬರುವವಳಿಗೆ ಬಾರದ್ದನ್ನು ಹೇಳಿಕೊಟ್ಟು ಬಾರದವಳನ್ನಾಗಿ ಮಾಡಿದೆವು.

ನಮ್ಮ ಕಡೆ ದೇವರ ಪಾಲು ಬೇರೆ, ಪೂಜಾರಿಯ ಪಾಲು ಬೇರೆ. ಚರಗದಲ್ಲಿ ಚೆಲ್ಲೋದು ಹೋದ ವರ್ಷದ ಜೋಳದಿಂದ ಮಾಡಿದ ಅಡಿಗಿ. ಅದು ಭೂಮಿಗೆ, ಹಕ್ಕಿಗೆ, ಇರುವಿಗೆ. ಯಾವ ಪೂಜಾರಿಯ ಮನೆಗೂ ಅದು ಹೋಗೂದಿಲ್ಲ. ಪೂಜಾರಿಯ ಪಾಲು ಸಿಗ್ತಿದ್ದುದು ಎರಡು ತಿಂಗಳ ನಂತರ, ಕಣದಲ್ಲಿ. ಹಂತಿ ಕಟ್ಟಿ ತುಳಿಸಿ, ತೂರಿ, ರಾಶಿ ಪೂಜೆ ಮಾಡಿ, ಅಳೆಯುವಾಗ ಒಂದು ಅನ್ನದೆ 'ಲಾಭ' ಅಂತ ಸುರು ಮಾಡಿ, ಮನೆಗೆ ಕಾಳು ಹೋಗುವ ಮುಂಚೆಯೇ ಆಯಗಾರರಿಗೆ ಆಯ ಕೊಡುತ್ತಿದ್ದರು. ಬಡಿಗೇರ, ಕಂಬಾರ, ಕುಂಬಾರ, ಹಡಪದ, ಅಗಸ, ತಳವಾರ, ಮಾದರ. ಅವರ ಜೋಡಿ ಪಂಚಾಂಗದ ಜೋಶಿ, ಮಠಪತಿ ಅಯ್ಯ, ಗುಡಿಯ ಪೂಜಾರಿ. ಕುಂಟಿ ಮಾಡಿಕೊಟ್ಟವನಿಗೆ ಕೊಡುವ ಹಾಗೆಯೇ ಮುಹೂರ್ತ ನೋಡಿ ಹೇಳಿದವನಿಗೂ ಮೊರದಲ್ಲಿ ಅಳೆದು ಕೊಡೋದು. ಪೂಜಾರಿ ತಾನೇ ಚೀಲ ತಗೊಂಡು ಒಕ್ಕಲಿಗನ ಕಣಕ್ಕೆ ಬರಬೇಕಿತ್ತು.

ಇಸ್ರೇಲಿನಲ್ಲಿ ಈ ಎರಡೂ ಒಂದೇ ಬುಟ್ಟಿಗೆ ಬಿದ್ದವು. ಲೇವಿಯ ಕುಲಕ್ಕೆ ನೆಲ ಹಂಚಲಿಲ್ಲ, ಯೆಹೋವನೇ ನಿಮ್ಮ ಪಾಲು ಅಂದರು. ಹಂಗಾಗಿ ದೇವರ ಮುಂದೆ ಇಟ್ಟ ಪ್ರಥಮಫಲ ಯಾಜಕರ ಊಟ. ನೆಲವಿಲ್ಲದವನಿಗೆ ಅನ್ನದ ದಾರಿ ಮಾಡಿದ್ದು ತಪ್ಪಲ್ಲ. ಆದರೆ ದೇವರಿಗೆ ಕೊಟ್ಟದ್ದೇ ಯಾಜಕನಿಗೂ ಸಿಗ್ತದ ಅಂದ ಮೇಲೆ, ಕೊಡದಿದ್ದರೆ ಪಾಪ ಅಂತ ಹೇಳುವವನೂ ಅವನೇ, ಉಣ್ಣುವವನೂ ಅವನೇ ಆಗ್ತಾನೆ. ಯಾಜಕಕಾಂಡದ 23ನೇ ಅಧ್ಯಾಯದ ಪ್ರಕಾರ ಮೊದಲ ಸಿವುಡನ್ನು ಯಾಜಕ ನಿವಾಳಿಸುವವರೆಗೆ ಹೊಸ ಬೆಳೆಯ ರೊಟ್ಟಿಯಾಗಲಿ ಹುರಿದ ಕಾಳಾಗಲಿ ಯಾರೂ ಬಾಯಿಗಿಡುವಂತಿಲ್ಲ. ನಮ್ಮಲ್ಲಿ ಸೀತನಿ ಬಂದ ದಿನ ಹೊಲದಾಗ ಬೆಂಕಿ ಹಾಕಿ ಜೋಳದ ತೆನಿ ಸುಟ್ಟು ತಿಂದವರಿಗೆ ಈ ನಿಯಮ ಕೇಳಿದರ ನಗಿ ಬರತದ.

ಕನ್ನಡ ಅನುವಾದದ 'ಯಾಜಕ' ಅನ್ನುವ ಶಬ್ದ ಈ ಲೆಕ್ಕವನ್ನು ಮುಚ್ಚಿಬಿಟ್ಟಿದೆ ಅಂತ ನನ್ನ ಅನಿಸಿಕೆ. ಯಾಜಕ ಅಂದ ಕೂಡಲೇ ನಮಗೆ ಯಜ್ಞ, ಹೋಮಕುಂಡ, ವೇದಮಂತ್ರ ಕಣ್ಣಿಗೆ ಕಟ್ಟುತ್ತವೆ. ಮೂಲದ ಕೋಹೆನ್‌ಗೆ ಯಜ್ಞದ ಕೆಲಸ ಇತ್ತು, ಖರೇ. ಆದರೆ ನೆಲವಿಲ್ಲದೆ ಬೆಳೆಯ ಪಾಲಿನ ಮೇಲೆ ಬದುಕುವವನು ಅನ್ನುವ ಅರ್ಧ ಇತ್ತಲ್ಲ, ಅದಕ್ಕೆ ನಮ್ಮ ಊರಿನ ಶಬ್ದ ಆಯಗಾರ. ಆ ಶಬ್ದ ಬಳಸಿದ್ದರೆ ಸವದತ್ತಿಯ ಓದುಗನಿಗೆ ಇಡೀ ಪ್ರಕರಣ ಒಂದೇ ಗುಕ್ಕಿಗೆ ತಿಳೀತಿತ್ತು. ಬಳಸಿದ್ದರೆ ಗಾಂಭೀರ್ಯ ಕಡಿಮೆಯಾಗುತ್ತಿತ್ತು ಅಂತ ಅನುವಾದಕರಿಗೆ ಅನಿಸಿರಬಹುದು.

ಆಯಗಾರರ ಪದ್ಧತಿಯನ್ನು ಹೊಗಳೋದು ನನ್ನ ಉದ್ದೇಶವಲ್ಲ. ಆ ಸಾಲಿನಲ್ಲಿ ಎಲ್ಲರೂ ಒಂದೇ ಕಡೆ ನಿಂತಿರಲಿಲ್ಲ. ಮಾದರು, ಹೊಲೆಯರು ಕಣದ ಅಂಚಿಗೆ, ಕಡೆಗೆ. ಎಷ್ಟೋ ಕಡೆ ಅವರಿಗೆ ಬಂದದ್ದು ಮಣ್ಣು ಕೂಡಿದ ಕಾಳು. ಅದೇ ಯಾಜಕಕಾಂಡ ಹಬ್ಬದ ನಿಯಮಗಳ ನಡುವೆಯೇ ಒಂದು ವಚನ ನಿಲ್ಲಿಸಿ ಹೊಲದ ಅಂಚು ಕೊಯ್ಯಬೇಡಿ, ಬಿದ್ದ ತೆನೆ ಎತ್ತಬೇಡಿ, ಅದು ಬಡವರದು, ಪರದೇಶಿಯದು ಅನ್ನುತ್ತದೆ. ಯಾಜಕನ ಕೈ ಮುಟ್ಟದೆ ಬಡವರಿಗೆ ಸೇರುವ ಪಾಲು ಅದು. ರೂತಳ ಪುಸ್ತಕದ ಹೆಚ್ಚಿನ ಭಾಗ ಸುಗ್ಗಿಯಲ್ಲಿ ನಡೆಯುತ್ತದೆ; ಹೊಲ, ಆಯ್ದುಕೊಳ್ಳುವ ಹೆಂಗಸರು, ಕಣದಲ್ಲಿ ರಾಶಿಯ ಮಗ್ಗಲಿಗೆ ಮಲಗಿದ ಬೋವಜ, ಎಲ್ಲಾ ಇದ್ದಾರೆ, ಒಬ್ಬನೇ ಒಬ್ಬ ಯಾಜಕನಿಲ್ಲ. ಗೆಜೆರ್ ಅನ್ನುವಲ್ಲಿ 1908ರಲ್ಲಿ ಸಿಕ್ಕ ಸುಣ್ಣದಕಲ್ಲಿನ ಚೂರೊಂದಿದೆ, ಕ್ರಿಸ್ತಪೂರ್ವ ಹತ್ತನೆಯ ಶತಮಾನದ್ದು ಅಂತಾರೆ. ಬಿತ್ತುವ ತಿಂಗಳು, ಅಗಸಿ ಕೀಳುವ ತಿಂಗಳು, ಜವೆ ಕೊಯ್ಯುವ ತಿಂಗಳು ಅಂತ ಪುಟ್ಟ ಪಟ್ಟಿ. ನಮ್ಮ ಅಡ್ಡಿಕೆ-ಅಮಾಸಿ ಲೆಕ್ಕದಂಥದೇ. ಅದರಲ್ಲೂ ಯಾಜಕನ ಸುದ್ದಿಯಿಲ್ಲ. ಗ್ರಂಥ ಬರೆದವರಲ್ಲಿ ಯಾಜಕರಿದ್ದರು, ಹಂಗಾಗಿ ಗ್ರಂಥದ ತುಂಬ ಅವರೇ ಕಾಣ್ತಾರೆ. ಹೊಲದಲ್ಲಿ ಅಷ್ಟು ಇದ್ದಿರಲಿಕ್ಕಿಲ್ಲ.

ಪಾಲು ಕಿತ್ತುಕೊಂಡವರೆಲ್ಲ ಪೂಜಾರಿಗಳೇನಲ್ಲ, ಅದನ್ನೂ ಹೇಳಬೇಕು. ರಾಮದುರ್ಗ 1948ರವರೆಗೆ ಸಂಸ್ಥಾನ. ಕರಭಾರಕ್ಕೆ ಬೇಸತ್ತ ಅಲ್ಲಿಯ ರೈತರು 1939ರಲ್ಲಿ ಎದ್ದುನಿಂತದ್ದು ಯಾವ ಗುಡಿಯ ವಿರುದ್ಧವೂ ಅಲ್ಲ.

ನಮ್ಮ ನೆಲದಲ್ಲಿ ಬುಟ್ಟಿ ಹೊರುವ ಪೂಜಾರಿ ಯಾರು ಅಂತ ಕೇಳಿದರೆ ನಾನು ಜೋಕುಮಾರನ ಕಡೆ ಬೊಟ್ಟು ಮಾಡ್ತೀನಿ. ಭಾದ್ರಪದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯೊಳಗೆ ಸಾಯುವ ದೇವರು. ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣಿ, ಸುತ್ತ ಬೇವಿನ ಸೊಪ್ಪು. ಬುಟ್ಟಿಯಲ್ಲಿ ಹೊತ್ತು ತಿರುಗುವವರು ಅಂಬಿಗೇರ, ಬಾರಕೇರ ಮನೆತನದ ಹೆಣ್ಣುಮಕ್ಕಳು. ಮನೆಯವರು ಮೊರದಲ್ಲಿ ಜೋಳ ಕೊಡ್ತಾರೆ, ಅವರು ಬೇವಿನ ಸೊಪ್ಪು, ನುಚ್ಚು ಅಂಬಲಿಯ ಚರಗ ತಿರುಗಿ ಕೊಡ್ತಾರೆ. ಅದನ್ನು ಒಯ್ದು ಬೆಳೆಗೆ ಚೆಲ್ಲೋದು. ಕೊಟ್ಟದ್ದಕ್ಕೆ ಪ್ರತಿಯಾಗಿ ಹೊಲಕ್ಕೇ ಏನಾದರೂ ವಾಪಸು ಬರ್ತದ, ನೋಡ್ರಿ. ಅವನಿಗಿಂತ ಮುಂಚೆ ಬಂದು ಹೋಗುವ ಗಣಪತಿ ಕಡಬು ಹೋಳಿಗಿ ತಿಂದು ಮ್ಯಾಲೆ ಹೋಗಿ, ಭೂಲೋಕದಾಗ ಎಲ್ಲಾ ಆರಾಮ ಅದಾರ ಅಂತ ಹೇಳ್ತಾನಂತ. ಜೋಕುಮಾರ ಅಂಬಲಿ ಉಂಡು ಹೋಗಿ, ಮಳಿ ಇಲ್ಲ, ಮಂದಿ ಉಪವಾಸ ಅದಾರ ಅಂತ ಖರೇ ಹೇಳ್ತಾನಂತ. ಮಂದಿಗೆ ಯಾವ ದೇವರು ಬೇಕು ಅನ್ನೋದು ಈ ಕಥೆಯಲ್ಲೇ ಇದೆ.

ಇದನ್ನೇ ಹಿಡಿದು ಚಂದ್ರಶೇಖರ ಕಂಬಾರರು 1972ರಲ್ಲಿ 'ಜೋಕುಮಾರಸ್ವಾಮಿ' ನಾಟಕ ಬರೆದರು. ಘೋಡಗೇರಿಯವರು, ಇದೇ ಬೆಳಗಾವಿ ಜಿಲ್ಲೆಯ ಮಾತು. ಊರಿನ ಗೌಡನಿಂದ ಮಕ್ಕಳಾಗದ ಗೌಡ್ತಿ, ಜೋಕುಮಾರನ ಪ್ರಸಾದ, ಅದನ್ನು ಉಂಡ ಒಕ್ಕಲಿಗ ಬಸಣ್ಣ, ಉತ್ತವನಿಗೇ ನೆಲ ಅನ್ನುವ ಅವನ ವಾದ, ಕಡೆಗೆ ಅವನ ಕೊಲೆ. ಭೂಸುಧಾರಣೆಯ 1974ರ ತಿದ್ದುಪಡಿಗೆ ಎರಡು ವರ್ಷ ಮೊದಲು ಬಂದ ನಾಟಕ ಇದು ಅನ್ನೋದನ್ನು ಪಾಠ ಮಾಡುವಾಗೆಲ್ಲ ಹೇಳ್ತೀನಿ. ನೆಲ ಯಾರದು, ಫಲ ಯಾರದು ಅನ್ನುವ ಪ್ರಶ್ನೆಯನ್ನು ಆಚರಣೆಯ ಒಳಗಿನಿಂದಲೇ ಎತ್ತಿದ್ದು ಅದರ ಶಕ್ತಿ. ನಾಟಕದ ಬಗ್ಗೆ ನನಗೊಂದು ಅಸಮಾಧಾನವೂ ಇದೆ. ಅಲ್ಲಿ ಗೌಡ ಇದ್ದಾನೆ, ಉತ್ತವನಿದ್ದಾನೆ, ಹಂಬಲಿಸುವ ಹೆಣ್ಣಿದ್ದಾಳೆ. ಮನಿಮನಿಗೆ ಬುಟ್ಟಿ ಹೊತ್ತು ತಿರುಗುವ ಅಂಬಿಗೇರ ಹೆಣ್ಣುಮಗಳ ಕಷ್ಟಸುಖ ಮಾತ್ರ ನಾಟಕದ ಎಳೆಯಾಗಲಿಲ್ಲ. ಆಕೆಗೆ ಹೊಲ ಇತ್ತೇನು? ಆ ಮೊರದ ಜೋಳ ಎಷ್ಟು ದಿನಕ್ಕೆ ಬರ್ತಿತ್ತು? ಲೇವಿಯನ ಹಾಗೆ ನೆಲವಿಲ್ಲದ ಪೂಜಾರಿ ಆಕೆ, ಆದರೆ ಆಕೆಯ ಹೆಸರಲ್ಲಿ ಯಾವ ಕಾಂಡವೂ ಇಲ್ಲ.

ಬುಟ್ಟಿ ಹೊತ್ತವಳು ಅಂದಾಗ ಸವದತ್ತಿಯ ಗುಡ್ಡವನ್ನು ಬಿಟ್ಟು ಹೋಗಲಿಕ್ಕೆ ಬರೂದಿಲ್ಲ. ಎಲ್ಲಮ್ಮನ ಜಗ ಹೊತ್ತ ಜೋಗವ್ವ, ಮಂಗಳವಾರ ಶುಕ್ರವಾರ ಜೋಗ ಬೇಡುತ್ತಾ ಬರುವವಳು. ಮಾರ್ಗಶಿರದ ಹುಣ್ಣಿಮೆಗೂ ಮಾಘದ ಭಾರತ ಹುಣ್ಣಿಮೆಗೂ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ, ಹೊಲದ ಬೆಳೆಯಿಂದ ಮಾಡಿದ ಅಡಿಗಿಯನ್ನು ಪಡ್ಲಗಿಗೆ ತುಂಬೋದು ನಮ್ಮ ಮನೆಯಲ್ಲೂ ಇತ್ತು. ದೇವಿಗೆ ಕೊಟ್ಟದ್ದು ಜೋಗವ್ವನ ಪಡ್ಲಗಿಗೆ ಬೀಳ್ತದ. ದೇವರ ಪಾಲು, ಪೂಜಾರಿಯ ಪಾಲು ಇಲ್ಲಿ ಮತ್ತೆ ಒಂದಾಗ್ತಾವು. ಆದರೆ ಇಸ್ರೇಲಿನ ಯಾಜಕನಿಗೆ ಅದರಿಂದ ಅಧಿಕಾರ ಬಂತು. ಜೋಗವ್ವನಿಗೆ ಬಂದದ್ದು ಒಂದು ಹೊತ್ತಿನ ಊಟ. ಯಾಕಂದರೆ ಆಕೆಯನ್ನೇ ಮೊದಲು ಯಾರೋ ದೇವಿಗೆ ಕೊಟ್ಟುಬಿಟ್ಟಿದ್ದರು. ಜಡ್ಡಿಗೆ, ಜಡಿಗೆ, ಗಂಡುಮಗ ಇಲ್ಲದ್ದಕ್ಕೆ ಹರಕೆ ಹೊತ್ತು ಬಡವರ ಮನೆಯ ಹೆಣ್ಣುಮಕ್ಕಳಿಗೆ, ಅದರಲ್ಲೂ ದಲಿತರ ಮನೆಯ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದರು. 1934ರಲ್ಲಿ ಮುಂಬಯಿ ಪ್ರಾಂತದ ಕಾಯ್ದೆ ಬಂತು, 1982ರಲ್ಲಿ ಕರ್ನಾಟಕದ್ದು. ಎರಡು ಕಾಯ್ದೆಗಳ ನಡುವೆ 48 ವರ್ಷ. ಅಷ್ಟು ವರ್ಷದಲ್ಲಿ ಎಷ್ಟು ಹುಡುಗಿಯರು ಆ ಗುಡ್ಡ ಹತ್ತಿದರೋ.

ಸಮುವೇಲನ ಮೊದಲ ಪುಸ್ತಕದ ಎರಡನೆಯ ಅಧ್ಯಾಯವನ್ನು ಸವದತ್ತಿಯವರು ಓದಬೇಕು ಅಂತ ನಾನು ಅನ್ನೋದು ಇದಕ್ಕೇ. ಶೀಲೋವಿನ ಗುಡಿ. ಮಕ್ಕಳಿಲ್ಲದ ಹನ್ನಾ ಹರಕೆ ಹೊತ್ತು ಹೆತ್ತ ಮಗನನ್ನು ಮೊಲೆ ಬಿಡಿಸಿದ ಮೇಲೆ ತಂದು ಅಲ್ಲಿ ಬಿಟ್ಟು ಹೋಗಿದ್ದಾಳೆ. ವರ್ಷಕ್ಕೊಮ್ಮೆ ಪುಟ್ಟ ಅಂಗಿ ಹೊಲಿದು ತರ್ತಾಳೆ. ಅದೇ ಗುಡಿಯಲ್ಲಿ ಯಾಜಕ ಏಲಿಯ ಇಬ್ಬರು ಮಕ್ಕಳು. ಭಕ್ತರು ಮಾಂಸ ಬೇಯಿಸುವಾಗ ಆಳು ಬಂದು ಮೂರು ಹಲ್ಲಿನ ಮುಳ್ಳುಗೋಲು ಗಡಿಗೆಗೆ ಹಾಕ್ತಾನೆ, ಮೇಲೆ ಬಂದದ್ದೆಲ್ಲ ಅವರದು. ದೇವರ ಪಾಲು ಸುಡುವ ಮೊದಲೇ ಹಸಿ ಮಾಂಸ ಕೊಡು, ಇಲ್ಲಾಂದ್ರ ಕಸಕೊಂತೀನಿ ಅನ್ನುವ ಧಾಟಿ. ಗುಡಿಯ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರನ್ನೂ ಅವರು ಬಿಡಲಿಲ್ಲ. ಇದನ್ನು ಮುಚ್ಚಿಡದೆ ಬರೆದವರೂ ಅದೇ ಪರಂಪರೆಯವರು, ಆ ಮಾತಿಗೆ ಮಾನ ಕೊಡಬೇಕು. ನಮ್ಮ ಸ್ಥಳಪುರಾಣಗಳಲ್ಲಿ ಪೂಜಾರಿಯ ತಪ್ಪಿಗೆ ಇಷ್ಟು ಜಾಗ ಸಿಕ್ಕಿದ್ದನ್ನು ನಾನು ಓದಿಲ್ಲ.

ಇಷ್ಟು ಬರೆದ ಮೇಲೂ ಅಣ್ಣನ ಒಂದು ಪ್ರಶ್ನೆಗೆ ನನ್ನಲ್ಲಿ ಗಟ್ಟಿ ಉತ್ತರ ಇಲ್ಲ. "ಅವ್ವ ಹೋದ ಮ್ಯಾಲೆ ಯಾರು ಹೇಳಿಕೊಡ್ತಾರ? ಸ್ವಾಮಿಗೋಳ ಕಡೆ ಪುಸ್ತಕರೆ ಅದ." ಖರೇ ಮಾತು. ನವಿಲುತೀರ್ಥದ ಕಾಲುವೆ ನೀರು ಬಂದಲ್ಲೆಲ್ಲ ಜೋಳ ಹೋಗಿ ಗೋವಿನಜೋಳ, ಕಬ್ಬು ಬಂದಾವು. ಕಬ್ಬಿಗೆ ಕಣ ಇಲ್ಲ. ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಹೋಗ್ತದ, ಬಿಲ್ಲು ಬ್ಯಾಂಕಿಗೆ ಬರ್ತದ. ಅಲ್ಲಿ ಆಯ ಅಳೆಯುವುದು ಎಲ್ಲಿಂದ? ಆಯ ನಿಂತ ಮೇಲೆ ಪೂಜಾರಿಗೂ ಹೊಟ್ಟೆಪಾಡಿಗೆ ಬೇರೆ ದಾರಿ ಬೇಕಲ್ಲ. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಈಗ ಎಳ್ಳಮಾಸಿ. ಕಣ ಕಳಕೊಂಡವನು ಹೊಲಕ್ಕೆ ಬಂದಿದ್ದಾನೆ. ಸಿಟ್ಟು ಯಾರ ಮೇಲೆ ಮಾಡೋಣ? ಆದರೂ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ತನ್ನ ಪೂಜೆ ತಾನೇ ಮಾಡಿಕೊಳ್ಳುವ ಮನೆತನದವರು ನಾವು. ಅಲ್ಲಿ ಯಾರೂ ನಡುವೆ ಬೇಡ, ಭೂಮಿಗೆ ಒಂದು ತುತ್ತು ಚೆಲ್ಲಲಿಕ್ಕೆ ಬೇಕು ಅಂದರೆ ಹೆಂಗ?

ಅವತ್ತು ಊಟಕ್ಕೆ ಕೂತಾಗ ಸ್ವಾಮಿಗಳು ನನ್ನ ಮಗ್ಗಲಿಗೇ ಇದ್ದರು. ಎಣ್ಣಿಗಾಯಿ ಎರಡು ಸಲ ಹಾಕಿಸಿಕೊಂಡರು. ಮಾತಿಗೆ ಮಾತು ಬಂದು, "ನಮ್ಮ ಅಜ್ಜ ಮಠಪತಿ ಇದ್ರರೀ ಅಕ್ಕಾರ. ಸುಗ್ಗಿ ಬಂತಂದ್ರ ಚೀಲಾ ಹಿಡಕೊಂಡು ಕಣಾ ತಿರಗತಿದ್ರಂತ. ಹಡಪದ ಅವರ ಹಿಂದ, ಕುಂಬಾರರ ಮುಂದ ಇವರ ಪಾಳಿ" ಅಂದರು. ನಾಚಿಕೆಯಿಂದ ಹೇಳಿದರೋ ಅಭಿಮಾನದಿಂದ ಹೇಳಿದರೋ ತಿಳಿಯಲಿಲ್ಲ. ನಾನು ಮಿಷ್ನಾದ ಬುಟ್ಟಿಯ ಕಥೆ ಹೇಳಿದೆ, ಅಂಚು ಹಿಡಿದ ಒಕ್ಕಲಿಗ, ಬುಡಕ್ಕೆ ಕೈಕೊಟ್ಟ ಯಾಜಕ. ಅವರು ರೊಟ್ಟಿ ಮುರಿಯುತ್ತಾ, "ಅಂದ್ರ ಮಂತ್ರ ಯಾರು ಹೇಳ್ತಿದ್ರು?" ಅಂತ ಕೇಳಿದರು. "ಒಕ್ಕಲಿಗ" ಅಂದೆ. ಸುಮ್ಮನೆ ಊಟ ಮುಂದುವರಿಸಿದರು.

ಸಂಜೆ ಎಲ್ಲರೂ ಟ್ರ್ಯಾಕ್ಟರ್ ಏರುವಾಗ ದೊಡ್ಡವ್ವ ಕಾಣಲಿಲ್ಲ. ನೋಡಿದರೆ ಹೊಲದ ಆ ತುದಿಗೆ, ಒಡ್ಡಿನ ಮೇಲೆ, ಸೆರಗಿನಾಗ ಏನೋ ಕಟ್ಟಿಕೊಂಡು ಜೋಳದ ಸಾಲಿಗೆ ಚೆಲ್ಲುತ್ತಾ ನಡೆದಿದ್ದಳು. ಕೂಗುತ್ತಿದ್ದಳೋ ಇಲ್ಲೋ, ಗಾಳಿ ಎದುರಿಗಿತ್ತು, ನನಗೆ ಕೇಳಲಿಲ್ಲ. ಓಗೊಡಲಿಕ್ಕೆ ಹಿಂದೆ ಯಾರೂ ಇರಲಿಲ್ಲ. ನಾನು ನೀರಿನ ತಂಬಿಗಿ ಹಿಡಿದು ಓಡಿ ಹೋಗುವಷ್ಟರಲ್ಲಿ ಸೆರಗು ಝಾಡಿಸಿಕೊಂಡು ತಿರುಗಿ ಬರ್ತಿದ್ದಳು.

"ಮುಂದಿನ ವರ್ಷಾನೂ ಆ ಹುಡುಗನ್ನ ಕರೀರಿ" ಅಂದಳು. "ಪಾಪ, ಛಲೋ ಉಂತಾನ. ಊಟದ ಹೊತ್ತಿಗೆ ಬಾ ಅಂತ ಹೇಳ್ರಿ."